ದೋಣಿಗ ಅಂತ ಹೆಸರಿಟ್ಟ ಮೇಲೆ

ಆ ಆಫೀಸಿನಲ್ಲಿ ಒಂದು ಪದ್ಧತಿ ಬೆಳೆದುಬಂದಿತ್ತು. ಹೊಸ ಸಾಫ್ಟ್‌ವೇರ್ ಒಂದು ರೂಪಕ್ಕೆ ಬಂತು ಅಂದರೆ ಮಧ್ಯಾಹ್ನ ಕೇಕ್ ತರಿಸುವುದು, ಎಲ್ಲರೂ ಸರ್ ಅಂತಲೇ ಕರೆಯುವ ಆಫೀಸಿನ ಯಜಮಾನರು ಎದ್ದು ನಿಂತು ಗಂಟಲು ಸರಿಮಾಡಿಕೊಳ್ಳುವುದು, ಆಮೇಲೆ ಅದಕ್ಕೆ ಯಾವುದಾದರೊಂದು ಜನಾಂಗದ ಹೆಸರಿಡುವುದು. ಸರ್ ಚಿಕ್ಕವರಿದ್ದಾಗ ಯಾರೋ ಅವರಿಗೆ ಲೋಕದ ಜನರ ಬಣ್ಣದ ಚಿತ್ರಗಳಿದ್ದ ಪುಸ್ತಕ ಕೊಟ್ಟಿದ್ದರಂತೆ. ಅಂದು ಹಿಡಿದ ಹುಚ್ಚು, ತಲೆಗೂದಲು ಬೆಳ್ಳಗಾದರೂ ಬಿಟ್ಟಿರಲಿಲ್ಲ. ಗೋದಾಮಿನ ಸಾಮಾನು ಎಣಿಸುವ ಸಾಫ್ಟ್‌ವೇರಿಗೆ ‘ಮರಳಿಗ’ ಅಂತ ಹೆಸರು. ಮರಳುಗಾಡಿನಲ್ಲಿ ಒಂಟೆಗಳ ಹಿಂದೆ ನಡೆಯುವ ಜನ ಅವರು. ಶಾಲೆಗಳ ಹಾಜರಿ ನೋಡಿಕೊಳ್ಳುವುದಕ್ಕೆ ‘ಬೆಟ್ಟಿಗ’. ಅವರು ಹಿಮದ ಬೆಟ್ಟದಲ್ಲಿ ಕುರಿ ಸಾಕುವವರು. ಆಫೀಸಿನಲ್ಲಿ ಯಾರೂ ಒಬ್ಬ ಮರಳಿಗನನ್ನಾಗಲಿ ಬೆಟ್ಟಿಗನನ್ನಾಗಲಿ ಕಣ್ಣಾರೆ ಕಂಡವರಲ್ಲ. ಸಾಫ್ಟ್‌ವೇರ್ ಕೆಟ್ಟು ನಿಂತಾಗ ‘ಬೆಟ್ಟಿಗ ಬೆಳಿಗ್ಗೆಯೇ ಸತ್ತುಬಿತ್ತು’ ಅಂತ ಬರೆಯಲು ಯಾರೂ ಹಿಂದೆಮುಂದೆ ನೋಡುತ್ತಿರಲಿಲ್ಲ. ಟೆಸ್ಟಿಂಗ್ ಅಕ್ಕನೂ ನೋಡುತ್ತಿರಲಿಲ್ಲ.

ಟೆಸ್ಟಿಂಗ್ ಅಕ್ಕ ಅಂದರೆ ಆ ಆಫೀಸಿನಲ್ಲಿ ಸಾಫ್ಟ್‌ವೇರ್ ಪರೀಕ್ಷೆ ಮಾಡುವವಳು. ಹಗಲು ಔಷಧಿ ಅಂಗಡಿಯಲ್ಲಿ ಪೊಟ್ಟಣ ಕಟ್ಟಿ, ಸಂಜೆ ತರಗತಿಯಲ್ಲಿ ಕೂತು ಈ ಕೆಲಸ ಕಲಿತವಳು. ಹಾಗಾಗಿ ಅವಳಿಗೆ ಸದಾ ಒಂದು ಅಳುಕು. ತನ್ನನ್ನು ತಪ್ಪಿ ಒಳಗೆ ಬಿಟ್ಟಿದ್ದಾರೆ, ಇವತ್ತಲ್ಲ ನಾಳೆ ಯಾರಾದರೂ ಬಂದು ‘ನೀವು ಯಾರಮ್ಮಾ ಇಲ್ಲಿ?’ ಅಂತ ಕೇಳುತ್ತಾರೆ ಅನ್ನುವ ಅಳುಕು. ಆದರೆ ಅವಳ ಕೆಲಸ ಮಾತ್ರ ಚೊಕ್ಕ. ಹುಳುಕು ಕಂಡರೆ ಸುತ್ತಿಬಳಸದೆ ಬರೆಯುತ್ತಿದ್ದಳು. ಸಾಫ್ಟ್‌ವೇರ್ ಬರೆಯುವವರ ಮುಂದಾಳು ಒಬ್ಬ ಗಡ್ಡದವನಿದ್ದ. ಎಲ್ಲರೂ ಅವನನ್ನು ಗಡ್ಡ ಅಂತಲೇ ಕರೆಯುತ್ತಿದ್ದರು. ಅವನು ಹೇಳುತ್ತಿದ್ದ: “ಅಕ್ಕನ ರಿಪೋರ್ಟು ಹಲ್ಲುನೋವಿದ್ದ ಹಾಗೆ. ಎಲ್ಲಿ ನೋಯ್ತಿದೆ ಅಂತ ಅನುಮಾನವೇ ಇರಲ್ಲ.”

ಈ ಸಲದ ಸಾಫ್ಟ್‌ವೇರ್ ವಯಸ್ಸಾದವರಿಗಾಗಿ ಮಾಡಿದ್ದು. ಯಾರು ಯಾವಾಗ ಆಸ್ಪತ್ರೆಗೆ ಹೋಗಬೇಕೋ ನೋಡಿಕೊಂಡು, ಮನೆಬಾಗಿಲಿಗೇ ವ್ಯಾನು ಕಳಿಸುವುದು ಅದರ ಕೆಲಸ. ಕೇಕ್ ಬಂತು. ಸರ್ ಎದ್ದು ನಿಂತು ಗಂಟಲು ಸರಿಮಾಡಿಕೊಂಡು, ನೇರವಾಗಿ ಅವಳ ಕಡೆ ನೋಡಿ ನಕ್ಕರು.

“ಈ ಸಲದ ಹೆಸರು ನಮ್ಮ ಅಕ್ಕನಿಗೆ ಗೌರವ. ಅವರ ಮನೆಯವರ ಜನ. ಹೊಳೆ ದಾಟಿಸುತ್ತಿದ್ದವರು. ಇದೂ ಜನರನ್ನ ದಾಟಿಸುತ್ತೆ. ದೋಣಿಗ!”

ಕೇಕಿನ ಮೇಲೆ ನೀಲಿ ಕ್ರೀಮಿನಲ್ಲಿ ಪುಟ್ಟ ದೋಣಿ ಬೇರೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳ ಎದೆ ಒಮ್ಮೆ ಹಿಗ್ಗಿತು, ಮರುಕ್ಷಣವೇ ಧಸಕ್ಕೆಂದಿತು. ಯಾವುದು ಮೊದಲು, ಯಾವುದು ಆಮೇಲೆ ಅಂತ ಅವಳಿಗೇ ತಿಳಿಯಲಿಲ್ಲ. “ತುಂಬಾ ಚೆನ್ನಾಗಿದೆ ಸರ್” ಅಂದಳು. ಬೇರೇನು ಅನ್ನುವುದಕ್ಕಾಗುತ್ತದೆ? ಪಾಪ, ಮನುಷ್ಯ ಮಗುವಿನ ಹಾಗೆ ಕಣ್ಣರಳಿಸಿಕೊಂಡು ನಿಂತಿದ್ದರು.

ಅವಳ ಗಂಡ ದೋಣಿಗ. ನೀರೆತ್ತುವ ಪಂಪುಗಳ ರಿಪೇರಿ ಮಾಡುತ್ತಿದ್ದ. ಅವನ ಅಮ್ಮನೂ ದೊಡ್ಡಮ್ಮನೂ ಹೊಳೆಯ ಮೇಲೆಯೇ ಹುಟ್ಟಿ, ದೋಣಿಯಲ್ಲೇ ಬೆಳೆದವರು. ಹೊಳೆಗೆ ಸೇತುವೆ ಬಂದ ಮೇಲೆ ದೋಣಿ ಬಿಟ್ಟು ಬೀದಿಗೆ ಬಂದ ಸಾವಿರ ಜನರಲ್ಲಿ ಅವರೂ ಇಬ್ಬರು. ಊರಿನಲ್ಲಿ ದೋಣಿಗ ಅನ್ನುವ ಮಾತಿಗೆ ಎರಡು ಮುಖ. ಮನೆಯೊಳಗೆ ಅದು ಎದೆಯುಬ್ಬಿಸಿ ಹೇಳುವ ಮಾತು. ಬೀದಿಯಲ್ಲಿ ಯಾರಾದರೂ ಜೋರಾಗಿ ಮಾತಾಡಿದರೆ ‘ಏನದು ದೋಣಿಗರ ಥರ’ ಅನ್ನುವ ಮಾತು. ಮದುವೆಯ ಹೊಸದರಲ್ಲಿ ಬಾಡಿಗೆ ಮನೆ ಹುಡುಕಲು ಹೋದಾಗ, ಗಂಡ ತನ್ನ ಜನ ಯಾರು ಅಂತ ಹೇಳುತ್ತಿದ್ದಂತೆ ಮಾಲೀಕನ ಮುಖ ಬಾಗಿಲಿಗಿಂತ ಮೊದಲು ಮುಚ್ಚಿಕೊಂಡಿದ್ದನ್ನು ಅವಳು ಕಂಡಿದ್ದಳು.

ಇನ್ನು ಅತ್ತೆ. ಸೊಸೆ ಹೊರಗಿನವಳು ಅನ್ನುವುದನ್ನು ಅತ್ತೆ ಮೊದಲ ದಿನವೇ ಇತ್ಯರ್ಥ ಮಾಡಿ, ‘ದಡದವಳೇ’ ಅಂತ ಕರೆಯಲು ಶುರುಮಾಡಿದ್ದರು. ದೋಣಿಯಲ್ಲಿ ಹುಟ್ಟದವರೆಲ್ಲ ಅವರಿಗೆ ದಡದವರೇ. ಮದುವೆಯಾಗಿ ಎಷ್ಟೋ ವರ್ಷವಾದರೂ ಆ ಹೆಸರು ಅಳಿದಿರಲಿಲ್ಲ. ಅತ್ತೆ ಪ್ರೀತಿಯಿಲ್ಲದವರೇನಲ್ಲ, ಸೊಸೆಗೆ ಜ್ವರ ಬಂದರೆ ತಲೆದೆಸೆಯಲ್ಲಿ ಕೂತು ಬೈಯುತ್ತಲೇ ತಣ್ಣೀರುಪಟ್ಟಿ ಹಾಕುವವರು. ಆದರೂ ತಾನು ಒಂದು ತಪ್ಪು ಹೆಜ್ಜೆ ಇಟ್ಟರೆ ಆ ‘ದಡದವಳೇ’ ಅನ್ನುವ ಮಾತು ಇದ್ದಕ್ಕಿದ್ದಂತೆ ನಿಜವಾಗಿಬಿಡುತ್ತದೆ ಅಂತ ಅವಳಿಗೆ ಒಳಗೊಳಗೇ ಭಯ.

ಅವತ್ತು ಸಂಜೆ ಗಂಡನಿಗೆ ಮಾತ್ರ ಹೇಳಿದಳು. ಅವನು ಕೈಯ ಗ್ರೀಸು ಒರೆಸಿಕೊಳ್ಳುತ್ತಾ ನಕ್ಕ. “ಹೆಸರು ತಾನೆ? ಇಟ್ಕೊಳ್ಳಲಿ ಬಿಡೆ. ಬಾಡಿಗೆ ಮನೆ ಕೊಡದೆ ಇದ್ದೋರು ಕಂಪ್ಯೂಟರಲ್ಲಾದ್ರೂ ಜಾಗ ಕೊಟ್ರಲ್ಲ.”

“ಅತ್ತೆಗೆ ಹೇಳೋದಾ?”

“ನಿನಗೆ ಬದುಕಿರೋಕೆ ಇಷ್ಟ ಇದೆಯಾ ಇಲ್ವಾ?”

ಅವನು ಹೇಳಿದ್ದು ತಮಾಷೆಗೆ. ಅವಳು ತಮಾಷೆಗೆ ತಗೊಳ್ಳಲಿಲ್ಲ. ಅತ್ತೆಗೆ ಹೇಳಲೂ ಇಲ್ಲ.

ಮಾರನೆಯ ದಿನದಿಂದ ಕಷ್ಟ ಶುರುವಾಯಿತು. ಆಫೀಸಿನ ಗೋಡೆಯ ಮೇಲೆ ದೊಡ್ಡ ಬಿಳಿ ಬೋರ್ಡು. ಬಂದವರು ಬಂದ ಹಾಗೆ ಅದರ ಮೇಲೆ ಬರೆಯುತ್ತಿದ್ದರು. ‘ದೋಣಿಗ ಮತ್ತೆ ಹ್ಯಾಂಗ್.’ ‘ದೋಣಿಗನನ್ನು ಕೊಂದು ಎಬ್ಬಿಸಿದೆ, ಈಗ ಪರವಾಗಿಲ್ಲ.’ ‘ದೋಣಿಗ ಸಿಕ್ಕಾಪಟ್ಟೆ ಜಾಗ ತಿನ್ನುತ್ತಿದೆ.’ ಗಡ್ಡ ಅಂತೂ ಬೆಳಿಗ್ಗೆ ಬಂದವನೇ ಬ್ಯಾಗು ಇಳಿಸುವ ಮೊದಲು, “ಏನಂತೆ, ದೋಣಿಗನ ಹೊಟ್ಟೆಯೊಳಗೆ ಎಷ್ಟು ಹುಳ ಇವತ್ತು?” ಅನ್ನುತ್ತಿದ್ದ. ಅದರಲ್ಲಿ ದ್ವೇಷ ಎಳ್ಳಷ್ಟೂ ಇರಲಿಲ್ಲ. ಬೆಟ್ಟಿಗನ ಬಗ್ಗೆಯೂ ಹೀಗೇ ಅನ್ನುತ್ತಿದ್ದ, ಅವಳೂ ನಗುತ್ತಿದ್ದಳು. ಈಗ ಆ ಸಾಲುಗಳನ್ನು ಓದಿದಾಗಲೆಲ್ಲ ಅತ್ತೆ ಬೋರ್ಡಿನ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತ ಹಾಗೆ ಕಾಣುತ್ತಿತ್ತು.

ಬೇರೆಯವರು ಬರೆದದ್ದನ್ನು ಹೇಗೋ ಸಹಿಸಬಹುದು. ಆದರೆ ತಾನು ಬರೆಯಬೇಕಲ್ಲ! ಹುಳುಕು ಹುಡುಕಿ ಬರೆಯುವುದೇ ಅವಳ ಅನ್ನ. ‘ದೋಣಿಗ ತಪ್ಪು ವಿಳಾಸ ಹೇಳುತ್ತದೆ’ ಅಂತ ಟೈಪ್ ಮಾಡಿ, ಅಳಿಸಿ, ‘ವಿಳಾಸದಲ್ಲಿ ಸ್ವಲ್ಪ ಗೊಂದಲವಿರುವಂತಿದೆ’ ಅಂತ ಬರೆದಳು. ‘ದೋಣಿಗ ಸುಳ್ಳು ಸಮಯ ತೋರಿಸುತ್ತದೆ’ ಅನ್ನುವುದು ‘ಸಮಯವನ್ನು ಇನ್ನೊಮ್ಮೆ ನೋಡಿದರೆ ಒಳ್ಳೆಯದು’ ಅಂತಾಯಿತು. ಹಲ್ಲುನೋವಿನಂಥ ರಿಪೋರ್ಟು ಬರೆಯುತ್ತಿದ್ದವಳು ಹತ್ತಿಯಲ್ಲಿ ಸುತ್ತಿ ಸುತ್ತಿ ಕೊಡತೊಡಗಿದಳು. ಗಡ್ಡ ಒಮ್ಮೆ ತಲೆ ಕೆರೆದುಕೊಂಡು, “ಅಕ್ಕಾ, ಇದು ರಿಪೋರ್ಟಾ, ಮದುವೆ ಕರೆಯೋಲೆನಾ?” ಅಂತ ಕೇಳಿದ. ಅವಳು ಪೆಚ್ಚಾಗಿ ನಕ್ಕಳು. ತಲೆಯೊಳಗೆ ಒಂದು ಲೆಕ್ಕಾಚಾರ ಮಾತ್ರ ನಿಲ್ಲುತ್ತಿರಲಿಲ್ಲ: ಸರ್‌ಗೆ ಹೇಳಿದರೆ ಅವರ ಮನಸ್ಸು ಮುರಿಯುತ್ತದೆ, ಹೇಳದಿದ್ದರೆ ತನ್ನದು. ಅವರು ಗೌರವ ಕೊಟ್ಟರು, ತಾನು ಅದರಲ್ಲಿ ಕಲ್ಲು ಹುಡುಕುತ್ತಿದ್ದೇನೆಯೆ? ದೋಣಿಗನಾದ ಗಂಡನಿಗೇ ಏನೂ ಅನ್ನಿಸದಿದ್ದಾಗ, ದಡದವಳಾದ ತನಗೇಕೆ ಇಷ್ಟು ಉರಿ?

ಹೀಗಿರುವಾಗ ಆ ಹುಳುಕು ಸಿಕ್ಕಿತು. ಒಂದೇ ಮನೆಯಿಂದ ಇಬ್ಬರು ಆಸ್ಪತ್ರೆಗೆ ಹೋಗುವುದಿದ್ದರೆ, ಸಾಫ್ಟ್‌ವೇರ್ ಒಬ್ಬರ ಹೆಸರನ್ನು ಮಾತ್ರ ವ್ಯಾನಿಗೆ ಕಳಿಸುತ್ತಿತ್ತು. ಇನ್ನೊಬ್ಬರು ಅದರ ಪಾಲಿಗೆ ಇಲ್ಲವೇ ಇಲ್ಲ. ಅವಳು ಬರೆಯಬೇಕಾಗಿದ್ದ ಸಾಲು ಸ್ಪಷ್ಟವಾಗಿತ್ತು: ‘ದೋಣಿಗ ಒಬ್ಬರನ್ನು ಹತ್ತಿಸಿಕೊಂಡು ಇನ್ನೊಬ್ಬರನ್ನು ಬಾಗಿಲಲ್ಲೇ ಬಿಟ್ಟು ಹೋಗುತ್ತದೆ.’

ಬೆರಳು ಮುಂದೆ ಹೋಗಲಿಲ್ಲ. ಯಾಕೆಂದರೆ ಆ ಮನೆಯಲ್ಲಿ ಊಟಕ್ಕೆ ಕೂತಾಗಲೆಲ್ಲ ಕೇಳುವ ಒಂದು ಕತೆಯಿತ್ತು. ಹೊಳೆ ಉಕ್ಕಿದಾಗ ಅತ್ತೆಯ ಅಪ್ಪ ಎಲ್ಲರನ್ನೂ ಆಚೆ ದಾಟಿಸಿ, ಕೊನೆಗೆ ಪಕ್ಕದ ದೋಣಿಯವರ ಕುಂಟುನಾಯಿಯೊಂದು ಈಚೆ ಉಳಿದಿದ್ದು ಕಂಡು ಅದಕ್ಕೋಸ್ಕರ ವಾಪಸು ಬಂದಿದ್ದನಂತೆ. ‘ದೋಣಿಗ ಸುಳ್ಳು ಹೇಳ್ಬಹುದು, ಜಗಳ ಆಡ್ಬಹುದು. ಆದ್ರೆ ಯಾರನ್ನೂ ದಡದಲ್ಲಿ ಬಿಟ್ಟು ಹೋಗಲ್ಲ’ ಅಂತ ಅತ್ತೆ ಕತೆ ಮುಗಿಸಿ, ‘ಇನ್ನೊಂದು ಸ್ವಲ್ಪ ಬಡಿಸ್ಕೊಳೆ ದಡದವಳೇ’ ಅನ್ನುತ್ತಿದ್ದರು. ಅಂಥವರ ಹೆಸರಿನ ಮುಂದೆ ಈ ಸಾಲು ಬರೆಯುವುದೇ? ಅವಳು ಕೊನೆಗೆ ಬರೆದದ್ದು ಇಷ್ಟು: ‘ಒಂದೇ ಮನೆಯಿಂದ ಇಬ್ಬರು ಹೊರಟರೆ ಸೀಟುಗಳ ಸಂಖ್ಯೆಯಲ್ಲಿ ಕೆಲವೊಮ್ಮೆ ಸಣ್ಣ ವ್ಯತ್ಯಾಸ ಕಾಣಬಹುದು.’

ಸಣ್ಣ ವ್ಯತ್ಯಾಸ ತಾನೆ, ಆಮೇಲೆ ನೋಡೋಣ ಅಂದ ಗಡ್ಡ. ವ್ಯಾನುಗಳು ಓಡತೊಡಗಿದವು.

ಒಂದು ಸಂಜೆ ಅವಳು ಮನೆಗೆ ಬಂದಾಗ ಅಡುಗೆಮನೆಯಲ್ಲಿ ದೀಪ ಉರಿಯುತ್ತಿತ್ತು, ಒಲೆ ಮಾತ್ರ ಆರಿತ್ತು. ಅತ್ತೆಯೂ ಅದೇ ಮನೆಯಲ್ಲಿದ್ದ ಅವರ ಅಕ್ಕ ದೊಡ್ಡತ್ತೆಯೂ ಎದುರುಬದುರು ಕೂತಿದ್ದರು. ಇಬ್ಬರಿಗೂ ಮಂಡಿನೋವು, ಇಬ್ಬರೂ ಆಸ್ಪತ್ರೆಯಲ್ಲಿ ಒಂದೇ ಹೊತ್ತಿಗೆ ವ್ಯಾಯಾಮಕ್ಕೆ ಹೋಗಬೇಕಾಗಿತ್ತು. ಹೋಗಿರಲಿಲ್ಲ ಅನ್ನುವುದು ಅವರು ಇನ್ನೂ ಹೊರಗೆ ಹೋಗುವ ಸೀರೆಯಲ್ಲೇ ಮುಖ ಊದಿಸಿಕೊಂಡು ಕೂತ ಭಂಗಿಯಿಂದಲೇ ಗೊತ್ತಾಗುತ್ತಿತ್ತು.

“ಬಾ ದಡದವಳೇ,” ಅಂದರು ಅತ್ತೆ. “ಇವತ್ತು ಆಸ್ಪತ್ರೆಯವರು ಹೇಳಿದ್ದ ವ್ಯಾನು ಬಂದಿತ್ತು. ಡ್ರೈವರು ನನ್ನ ಹತ್ತಿಸ್ಕೊಂಡ. ಅಕ್ಕ ಕಾಲು ಎತ್ತಿಟ್ರೆ, ಬೇಡಮ್ಮಾ, ಒಬ್ಬರದ್ದೇ ಹೆಸರು ಬಂದಿದೆ ಅಂದ. ಯಾರಪ್ಪಾ ಹಾಗೆ ಹೇಳಿದ್ದು ಅಂತ ಕೇಳ್ದೆ. ಫೋನ್ ತೋರಿಸ್ದ. ದೋಣಿ ಚಿತ್ರ, ಪಕ್ಕದಲ್ಲಿ ನಮ್ಮ ಹೆಸರು. ದೋಣಿಗ ಅಂತ!”

“ಚಿತ್ರ ಚೆನ್ನಾಗಿತ್ತು,” ಅಂದರು ದೊಡ್ಡತ್ತೆ.

“ನೀನು ಸುಮ್ಮನಿರಕ್ಕ. ಬಾಗಿಲಲ್ಲಿ ಬಿಟ್ಟು ಹೋಗ್ತಿದ್ದಿದ್ದು ನಿನ್ನನ್ನೇ.”

“ಅದಕ್ಕೇನಾಯ್ತು? ನಮ್ಮ ಹೆಸರು ಊರೆಲ್ಲ ಓಡಾಡ್ತಿದೆ. ವ್ಯಾನಿನ ಮೇಲೂ ದೊಡ್ಡದಾಗಿ ಬರೆಸ್ಲಿ ಅಂತೀನಿ ನಾನು. ನಾವು ಚಿಕ್ಕೋರಿದ್ದಾಗ ಆ ಹೆಸರು ಕೇಳಿದ್ರೆ ಅಂಗಡಿಯವನು ಬಾಗಿಲು ಹಾಕ್ತಿದ್ದ, ನೆನಪಿದೆಯಾ? ಈಗ ಅದೇ ಹೆಸರು ಹೇಳ್ಕೊಂಡು ಬಾಗಿಲು ತಟ್ತಾರೆ.”

“ತಟ್ಟಿ ಏನು ಬಂತು? ಒಬ್ಬರನ್ನ ಬಿಟ್ಟು ಹೋಯ್ತಲ್ಲ! ನಮ್ಮಪ್ಪ ನಾಯೀನೂ ಬಿಡಲಿಲ್ಲ.” ಅತ್ತೆ ಸೊಸೆಯ ಕಡೆ ತಿರುಗಿದರು. “ನಾನೂ ಹತ್ತಲಿಲ್ಲ, ಇಳಿದುಬಿಟ್ಟೆ. ಇದು ನಿಮ್ಮ ಆಫೀಸಿಂದೇನೆ?”

ಕುಂಬಳಕಾಯಿ ಕಳ್ಳ ಅನ್ನುವ ಮೊದಲೇ ಅವಳ ಕೈ ಹೆಗಲಿಗೆ ಹೋಗಿತ್ತು. ನಿಂತಲ್ಲೇ, ಬ್ಯಾಗು ಕೂಡ ಇಳಿಸದೆ, ಎಲ್ಲ ಹೇಳಿಬಿಟ್ಟಳು. ಕೇಕು, ನೀಲಿ ದೋಣಿ, ಬೋರ್ಡು, ಬೆರಳಿಗೆ ಬಾರದ ಸಾಲುಗಳು, ಕೊನೆಗೆ ‘ಸಣ್ಣ ವ್ಯತ್ಯಾಸ’. “ನಿಮ್ಮ ಹೆಸರಿಗೆ ಮಸಿ ಹತ್ತಬಾರದು ಅಂತ ಹಾಗೆ ಬರೆದೆ ಅತ್ತೆ” ಅಂದಳು.

ಅತ್ತೆ ಎರಡೂ ಕೈಯಿಂದ ಮಂಡಿ ನೀವಿಕೊಂಡರು.

“ಹೆಸರಿಟ್ಟಿದ್ದಕ್ಕೆ ನನಗೆ ಸಿಟ್ಟಿದೆ,” ಅಂದರು ಆಮೇಲೆ. “ಇಡೋ ಮೊದಲು ಒಂದು ಮಾತು ಕೇಳ್ಬೇಕಾಗಿತ್ತು. ಆದ್ರೆ ನಿನ್ನ ಮೇಲೆ ಅದಕ್ಕಿಂತ ಜಾಸ್ತಿ ಸಿಟ್ಟು. ದೋಣಿಗೆ ನೀರು ನುಗ್ತಾ ಇದ್ರೆ ಮೊದಲು ಕಂಡೋರು ಕಿರುಚ್ಬೇಕು. ದೋಣಿಯ ಯಜಮಾನನಿಗೆ ಬೇಜಾರಾದೀತು ಅಂತ ಸೆರಗು ಹಾಸಿ ತೂತು ಮುಚ್ಚಿದ್ರೆ ಎಲ್ಲರೂ ಮುಳುಗ್ತಾರೆ. ಮರ್ಯಾದೆ ಕೊಟ್ಟಳಂತೆ ಮರ್ಯಾದೆ!”

“ಬೈಬೇಡವೇ, ಪಾಪ,” ಅಂದರು ದೊಡ್ಡತ್ತೆ. “ಕೂತ್ಕೊಂಡಾದ್ರೂ ಬೈಸ್ಕೊಳ್ಳಲಿ.”

“ನಿಮ್ಮ ಸರ್‌ಗೆ ಹೇಳು,” ಅಂದರು ಅತ್ತೆ, ಕಷ್ಟಪಟ್ಟು ಮೇಜು ಹಿಡಿದು ಏಳುತ್ತಾ. “ಅಷ್ಟು ಚೆಂದದ ಗೌರವ ಆದ್ರೆ ತನ್ನ ಹೆಸರೇ ಇಟ್ಕೊಳ್ಳಲಿ. ನೋಡೋಣ, ಎಷ್ಟು ದಿನ ತಡ್ಕೋತಾನೆ.”

ಮಾರನೆಯ ಬೆಳಿಗ್ಗೆ ಅವಳು ಮೊದಲು ಮಾಡಿದ ಕೆಲಸ, ಆ ಸಾಲನ್ನು ಹೇಗಿರಬೇಕೋ ಹಾಗೆ ಬರೆದಿದ್ದು. ಗಡ್ಡ ಓದಿ ಬಿಳುಚಿಕೊಂಡ. “ಅಕ್ಕಾ! ಇದು ಸಣ್ಣ ವ್ಯತ್ಯಾಸನಾ? ಎಷ್ಟು ಅಜ್ಜಿಯರನ್ನ ಬಾಗಿಲಲ್ಲಿ ನಿಲ್ಲಿಸಿದೀವೋ!” ಅಂದವನೇ ಕುರ್ಚಿ ಎಳೆದು ಕೂತ.

ಎರಡನೆಯ ಕೆಲಸ ಕಷ್ಟದ್ದು. ಸರ್ ಕೋಣೆಗೆ ಹೋಗಿ, ನಿಂತು, ಎರಡು ಸಲ ನೀರು ಕುಡಿದು ಹೇಳಿದಳು. ಅವಳು ಅಂದುಕೊಂಡಿದ್ದ ಹಾಗೇ ಸರ್ ಮುಖ ಸಪ್ಪಗಾಯಿತು.

“ನಾನು ಅವಮಾನ ಮಾಡೋಕೆ ಇಟ್ಟಿದ್ದಲ್ಲ ಅಕ್ಕ.”

“ಗೊತ್ತು ಸರ್. ಅದಕ್ಕೇ ಇಷ್ಟು ದಿನ ನಾನೂ ಬಾಯಿ ಬಿಡಲಿಲ್ಲ. ತಪ್ಪು ನನ್ನದೂ ಇದೆ.”

“ನಿಮ್ಮ ಯಜಮಾನರಿಗೆ ಬೇಜಾರಿಲ್ಲ, ದೊಡ್ಡತ್ತೆಗೆ ಖುಷಿ ಅಂತೀರಿ. ಅತ್ತೆಗೆ ಮಾತ್ರ ಸಿಟ್ಟು. ಹಾಗಾದ್ರೆ ಯಾರ ಮಾತು ಸರಿ?”

“ನನಗೂ ಗೊತ್ತಿಲ್ಲ ಸರ್.” ನಿಜವಾಗಿಯೂ ಗೊತ್ತಿರಲಿಲ್ಲ. ಹೇಳಲೋ ಬೇಡವೋ ಅಂತ ಒಂದು ಗಳಿಗೆ ತಡೆದಳು. ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು. “ಅತ್ತೆ ಒಂದು ಮಾತು ಹೇಳಿ ಕಳಿಸಿದ್ದಾರೆ. ನೀವು ನಿಮ್ಮ ಹೆಸರೇ ಇಟ್ಟು ನೋಡಬೇಕಂತೆ.”

ಸರ್ ಒಂದು ಕ್ಷಣ ನೋಡಿದರು. ಆಮೇಲೆ ಜೋರಾಗಿ ನಕ್ಕರು. “ಇಡ್ರಿ! ನನಗೇನು? ಇವತ್ತಿಂದ ಅದರ ಹೆಸರು ‘ಸರ್’. ಎಲ್ಲರಿಗೂ ಹೇಳಿ.”

ಹೇಳುವುದೇ ತಡ, ಆಫೀಸಿನವರಿಗೆ ಹಬ್ಬವಾಯಿತು. ಬೋರ್ಡು ತುಂಬತೊಡಗಿತು. ‘ಸರ್ ಮತ್ತೆ ಹ್ಯಾಂಗ್.’ ‘ಸರ್ ಬೆಳಿಗ್ಗೆ ತಡವಾಗಿ ಏಳುತ್ತದೆ.’ ‘ಸರ್ ಒಳಗೆ ಹಳೇ ಕಸ ತುಂಬಿದೆ, ಗುಡಿಸಬೇಕು.’ ಸರ್ ಹಾದುಹೋಗುವಾಗಲೆಲ್ಲ ಓದಿ ನಗುತ್ತಿದ್ದರು. ಊಟದ ಹೊತ್ತಿಗೆ ನಗು ಸ್ವಲ್ಪ ತೆಳ್ಳಗಾಯಿತು. ‘ಸರ್‌ನ ಕೊಂದು ನೋಡಿದೆ, ವ್ಯತ್ಯಾಸವೇನೂ ಕಾಣಲಿಲ್ಲ’ ಅಂತ ಗಡ್ಡ ಬರೆದದ್ದರ ಮುಂದೆ ನಿಂತು, “ಏನಯ್ಯಾ, ಇದು ಸಾಫ್ಟ್‌ವೇರ್ ಬಗ್ಗೆ ತಾನೆ?” ಅಂದರು.

“ಅಲ್ದೆ ಇನ್ನೇನು ಸರ್!” ಅಂದ ಗಡ್ಡ, ಬಹಳ ವಿನಯದಿಂದ.

ಅದರ ಕೆಳಗೆ ಟೆಸ್ಟಿಂಗ್ ಅಕ್ಕನ ಸಾಲಿತ್ತು. ಅವಳು ಬೆಳಗಿನ ರಿಪೋರ್ಟಿನ ಮಾತನ್ನೇ ಬೋರ್ಡಿನ ಮೇಲೂ ಬರೆದಿದ್ದಳು, ಹೆಸರಷ್ಟೇ ಬದಲು: ‘ಸರ್ ಒಬ್ಬರನ್ನು ಹತ್ತಿಸಿಕೊಂಡು ಇನ್ನೊಬ್ಬರನ್ನು ಬಾಗಿಲಲ್ಲೇ ಬಿಟ್ಟು ಹೋಗುತ್ತದೆ.’

ಸರ್ ಅದನ್ನು ಓದಿದರು. ನಗಲಿಲ್ಲ. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು, ಮತ್ತೆ ಓದಿದರು.

“ವಿಚಿತ್ರ ಅಕ್ಕ,” ಅಂದರು ಮೆಲ್ಲಗೆ. “ಇದು ನನ್ನ ಬಗ್ಗೆ ಅಲ್ಲ ಅಂತ ಚೆನ್ನಾಗಿ ಗೊತ್ತು. ಆದ್ರೂ, ‘ನಾನು ಹಾಗೆ ಮಾಡೋನಲ್ಲ’ ಅಂತ ಯಾರಿಗಾದರೂ ಹೇಳ್ಬೇಕು ಅನ್ನಿಸ್ತಿದೆ. ಯಾರಿಗೆ ಹೇಳ್ಲಿ?”

ಅವಳಿಗೆ ಅವರ ಮೇಲೆ ಎಂದೂ ಇಲ್ಲದಷ್ಟು ಅಕ್ಕರೆ ಬಂತು. “ಅತ್ತೆಗೂ ನಿನ್ನೆ ಹಾಗೇ ಆಗಿರ್ಬೇಕು ಸರ್” ಅಂದಳು.

ಸಂಜೆಯೊಳಗೆ ಹೆಸರು ಬದಲಾಯಿತು. ಏನಿಡುವುದು ಅಂತ ದೊಡ್ಡ ಚರ್ಚೆ. ನದಿಯ ಹೆಸರಿಟ್ಟರೆ ನದಿಯವರು ಜಗಳಕ್ಕೆ ಬರುತ್ತಾರೆ, ಹಕ್ಕಿಯ ಹೆಸರಿಟ್ಟರೆ ಅದು ಯಾವ ದೇಶದ ಬಾವುಟದಲ್ಲಿದೆಯೋ ಏನೋ ಅಂತ ಸರ್‌ಗೆ ಈಗ ಎಲ್ಲದರಲ್ಲೂ ಹೆದರಿಕೆ. ಊಟದ ಡಬ್ಬಿ ತೊಳೆಯುತ್ತಿದ್ದ ಗಡ್ಡ ಅಲ್ಲಿಂದಲೇ ಕೂಗಿದ: “ಸೌತೆಕಾಯಿ ಅಂತಿಡಿ ಸರ್. ಸತ್ತರೂ ಕೊಳೆತರೂ ಕೇಳೋರಿಲ್ಲ. ಸೌತೆಕಾಯಿಗೆ ನೆಂಟರಿಲ್ಲ.”

ಎಲ್ಲರೂ ಒಪ್ಪಿದರು. ಎಲ್ಲರೂ ಏಳುವಾಗ ಅವಳು ಏಳಲಿಲ್ಲ.

“ಸರ್, ಮರಳಿಗ, ಬೆಟ್ಟಿಗ?”

“ಅವರ ಕಡೆಯಿಂದ ಯಾರೂ ಏನೂ ಅಂದಿಲ್ಲವಲ್ಲ ಅಕ್ಕ.”

“ಅವರ ಸೊಸೆ ಇಲ್ಲಿ ಕೆಲಸಕ್ಕಿಲ್ಲ ಸರ್, ಅದಕ್ಕೆ.”

ಆಡಿದ ಮೇಲೆ ತನ್ನ ಮಾತಿಗೆ ತಾನೇ ಬೆಚ್ಚಿದಳು. ಸರ್ ಎದ್ದು ಹೋಗಿ ಕಪಾಟಿನಿಂದ ಒಂದು ಹಳೆಯ ಪುಸ್ತಕ ತಂದರು. ಮೂಲೆಗಳು ಸವೆದು ದುಂಡಗಾಗಿದ್ದವು. ಒಂದು ಪುಟದಲ್ಲಿ ನಗುತ್ತಾ ಕುರಿಮರಿ ಎತ್ತಿಕೊಂಡ ಬೆಟ್ಟಿಗರ ಮುದುಕಿ. “ಇವಳಂದ್ರೆ ನನಗೆ ಬಹಳ ಇಷ್ಟ ಇತ್ತು,” ಅಂದರು, ಚಿತ್ರದ ಮೇಲೆ ಕೈಯಾಡಿಸುತ್ತಾ. “ಎಷ್ಟು ಸಲ ಇವಳು ಸತ್ತುಬಿದ್ದಳು ಅಂತ ಬರೆಸಿದೀನೋ.” ಪುಸ್ತಕ ಮುಚ್ಚಿ, “ಗಡ್ಡ, ಇನ್ನೆರಡು ತರಕಾರಿ ಹೇಳಯ್ಯಾ,” ಅಂದರು.

ಮುಂದಿನ ವಾರ ವ್ಯಾನು ಬಂದಾಗ ಅವಳು ಬೇಕೆಂತಲೇ ತಡವಾಗಿ ಆಫೀಸಿಗೆ ಹೊರಟು, ಬಾಗಿಲಲ್ಲೇ ನಿಂತಿದ್ದಳು. ಡ್ರೈವರು ಫೋನು ನೋಡಿ ಎರಡು ಹೆಸರು ಕೂಗಿದ. ದೊಡ್ಡತ್ತೆ ಮೊದಲು ಹತ್ತಿ ಕಿಟಕಿಯ ಪಕ್ಕ ಕೂತು, “ದೋಣಿ ಚಿತ್ರ ತೆಗೆದುಬಿಟ್ರಾ? ಸೌತೆಕಾಯಿ ಚಿತ್ರ ನೋಡ್ಕೊಂಡು ಆಸ್ಪತ್ರೆಗೆ ಹೋಗ್ಬೇಕು ನನ್ನ ಹಣೆಬರಹ” ಅಂತ ಗೊಣಗಿದರು. ಅವರ ಕೊರಗು ಕೊನೆಗೂ ಹೋಗಲಿಲ್ಲ.

ಅತ್ತೆ ಒಂದು ಕಾಲು ಮೆಟ್ಟಿಲ ಮೇಲಿಟ್ಟು, ಸೊಸೆಯ ಭುಜ ಹಿಡಿದುಕೊಂಡು ನಿಂತರು.

“ಒಂದು ಕೇಳ್ತೀನಿ. ನಾನು ನಿನ್ನ ದಡದವಳೇ ಅಂತೀನಲ್ಲ. ಬೇಜಾರಾಗುತ್ತಾ?”

ಇಷ್ಟು ವರ್ಷಗಳಲ್ಲಿ ಈ ಪ್ರಶ್ನೆ ಬಂದದ್ದು ಇದೇ ಮೊದಲು. ‘ಇಲ್ಲ ಅತ್ತೆ’ ಅನ್ನುವ ಮಾತು ನಾಲಿಗೆಯ ತುದಿಗೆ ತಾನಾಗಿಯೇ ಬಂದಿತ್ತು. ಹತ್ತಿ ಸುತ್ತಿದ ಮಾತು. ಅವಳು ಅದನ್ನು ನುಂಗಿಕೊಂಡಳು.

“ಮೊದಮೊದಲು ಬಹಳ ಆಗ್ತಿತ್ತು. ಈಗ್ಲೂ, ಸಿಟ್ಟಲ್ಲಿ ಕರೆದ್ರೆ ಆಗುತ್ತೆ. ಊಟಕ್ಕೆ ಕರೆಯುವಾಗ ಆಗಲ್ಲ.”

“ಮೊದಲೇ ಹೇಳ್ಬೇಕಾಗಿತ್ತಲ್ಲೇ, ಪೆದ್ದಿ!”

“ನೀವು ಕೇಳ್ಬೇಕಾಗಿತ್ತಲ್ಲ ಅತ್ತೆ.”

ವ್ಯಾನಿನೊಳಗಿಂದ ದೊಡ್ಡತ್ತೆ ಕಿಲಕಿಲ ನಕ್ಕಿದ್ದು ಬೀದಿಗೆಲ್ಲ ಕೇಳಿಸಿತು.

“ಹಾಗಾದ್ರೆ ಏನಂತ ಕರೀಲಿ?” ಅಂದರು ಅತ್ತೆ.

ಅವಳು ನಿಜವಾಗಿಯೂ ಯೋಚಿಸಿದಳು. ಡ್ರೈವರು ಒಮ್ಮೆ ಹಾರ್ನ್ ಒತ್ತಿದ. “ಅದನ್ನೇ ಕರೀರಿ,” ಅಂದಳು ಕೊನೆಗೆ. “ಸಿಟ್ಟು ಬಂದಾಗ ಮಾತ್ರ ಬೇರೆ ಏನಾದ್ರೂ.”

ಅತ್ತೆ ಸೊಸೆಯ ಭುಜದ ಮೇಲೆ ಪೂರ್ತಿ ಭಾರ ಹಾಕಿ ವ್ಯಾನು ಹತ್ತಿದರು. ಸೀಟಿನಲ್ಲಿ ಕೂತು, ಸೆರಗು ಸರಿಮಾಡಿಕೊಂಡು, ಕಿಟಕಿಯಿಂದ ತಲೆ ಹೊರಹಾಕಿ ಕೂಗಿದರು:

“ಆಫೀಸಿಗೆ ತಡ ಆಯ್ತು, ಓಡೇ ಸೌತೆಕಾಯಿ!”